ರಾತ್ರಿ ಶಾಲೆಯ ತ್ರಿಭುಜ

1965ರ ಮಳೆಗಾಲ. ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ನನಗೆ ಎರಡು ವರ್ಷವಾಗಿತ್ತು. ಹಗಲಿಡೀ ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು, ಸಂಜೆಯಾದ ಮೇಲೆ ಕನ್ನಡ ರಾತ್ರಿ ಶಾಲೆ. ಹೋಟೆಲ್ ಹುಡುಗರಿಗೂ ಮೀನಿನ ಕೆಲಸದವರಿಗೂ ಅಕ್ಷರ ಕೊಟ್ಟ ಇಂಥ ಶಾಲೆಗಳು ಈ ಊರಿನಲ್ಲಿ ಬಹಳ ಹಳೆಯವು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ 1908ರಲ್ಲೇ ಶುರುವಾದದ್ದು.

ನಮಗೆ ಗಣಿತ ಹೇಳುತ್ತಿದ್ದ ಮಾಸ್ಟ್ರು ಹಗಲು ಗುಮಾಸ್ತರು. ಒಂದು ದಿನ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ತ್ರಿಭುಜವಾಗಿ ಕತ್ತರಿಸಿ, ಮೂರು ಮೂಲೆಗಳನ್ನೂ ಹರಿದು, ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಮೂರೂ ಸೇರಿ ನೇರ ಗೆರೆಯಾದವು. 180 ಡಿಗ್ರಿ. ನಾವು ತಲೆ ಆಡಿಸಿದೆವು.

"ಇದು ಈ ಒಂದು ತ್ರಿಭುಜಕ್ಕಾಯಿತು ಮಾರಾಯ. ಉಳಿದದ್ದಕ್ಕೆ? ಎಷ್ಟು ಕಾಗದ ಹರೀತಿ?"

ಆಮೇಲೆ ಬೋರ್ಡಿನ ಮೇಲೆ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಪದ ಬರೆದರು. ತ್ರಿಭುಜದ ತುದಿಯಲ್ಲಿ ಪಾದಕ್ಕೆ ಸಮಾಂತರವಾಗಿ ಒಂದೇ ಒಂದು ಗೆರೆ ಎಳೆದರು. ಕೆಳಗಿನ ಎರಡು ಕೋನಗಳು ಪರ್ಯಾಯ ಕೋನಗಳಾಗಿ ಮೇಲೆ ಬಂದು ಕೂತವು. ನಾನು ನೋಡದ, ಯಾರೂ ನೋಡದ, ಇನ್ನು ಮುಂದೆ ಎಳೆಯಲಿರುವ ತ್ರಿಭುಜಗಳೆಲ್ಲವೂ ಆ ಒಂದು ಗೆರೆಗೆ ಕಟ್ಟುಬಿದ್ದವು. ಸೋಪಿನ ನೀರಲ್ಲಿ ಬಿಳಿಚಿಕೊಂಡ ಬೆರಳುಗಳಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದ ನನಗೆ, ನನ್ನ ತಲೆಯಿಂದಲೇ ಇಷ್ಟು ದೂರ ತಿಳಿಯಬಹುದು ಎನ್ನುವುದು ಮೊದಲ ಬಾರಿಗೆ ಗೊತ್ತಾದದ್ದು ಅವತ್ತು. ಮುಂದೆ ನಾನೂ ಗಣಿತದ ಮಾಸ್ಟ್ರಾದೆ.

ಯುರೋಪಿನ ವಿಚಾರವಾದ ಹುಟ್ಟಿದ್ದು ಇದೇ ಬೆರಗಿನಲ್ಲಿ. ಡೆಕಾರ್ಟ್ 1637ರಲ್ಲಿ ತನ್ನ ತತ್ತ್ವಗ್ರಂಥದ ಜೊತೆಗೇ ರೇಖಾಗಣಿತವನ್ನೂ ಸೇರಿಸಿ ಅಚ್ಚು ಹಾಕಿಸಿದ. ಸ್ಪಿನೋಜಾ ದೇವರು, ಮನಸ್ಸು, ರಾಗದ್ವೇಷಗಳ ಬಗ್ಗೆ ಬರೆದ 'ಎಥಿಕ್ಸ್' 1677ರಲ್ಲಿ ಹೊರಬಂದಾಗ ಅದು ಯೂಕ್ಲಿಡ್‌ನ ಪುಸ್ತಕದ ಹಾಗೆ ಪ್ರಮೇಯ, ಸಾಧನೆ ಎಂದೇ ಸಾಗಿತ್ತು. ಕಣ್ಣು-ಕಿವಿ ಮೋಸ ಮಾಡಬಹುದು, ಬುದ್ಧಿ ಹೆಜ್ಜೆಹೆಜ್ಜೆಗೂ ಪರೀಕ್ಷಿಸಿಕೊಂಡು ನಡೆದರೆ ಗಟ್ಟಿ ನೆಲ ಸಿಗುತ್ತದೆ ಎಂಬುದು ಅವರ ನಂಬಿಕೆ. ನಮ್ಮ ಭಾಷೆಯಲ್ಲಿ 'ಅನುಮಾನ' ಎಂಬ ಮಾತಿಗೆ ಎರಡು ಅರ್ಥವಿದೆ: ಬೀದಿಯಲ್ಲಿ ಅದು ಸಂಶಯ, ನ್ಯಾಯಶಾಸ್ತ್ರದಲ್ಲಿ ತರ್ಕದಿಂದ ಪಡೆದ ಜ್ಞಾನ. ಡೆಕಾರ್ಟ್ ಮೊದಲನೆಯ ಅರ್ಥದಿಂದ ಹೊರಟು ಎರಡನೆಯದಕ್ಕೆ ಮುಟ್ಟಿದವನು.

ಮುಂಬಯಿಗೆ ಬಂದಾಗ ಈ ವಿಚಾರವಾದದ ಜಗಳ ಶಬ್ದಪ್ರಮಾಣದ ಮೇಲೆ ತಿರುಗಿತು. ಹಿರಿಯರು ಹೇಳಿದ್ದಾರೆ, ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಒಪ್ಪಬೇಕೇ? 1849ರಲ್ಲಿ ದಾದೋಬಾ ಪಾಂಡುರಂಗ ಮತ್ತು ಗೆಳೆಯರು ಕಟ್ಟಿದ ಪರಮಹಂಸ ಸಭೆಯವರು ಈ ಪ್ರಶ್ನೆಯನ್ನು ಬಾಯಿಗೇ ಇಟ್ಟುಕೊಂಡರು. ಕ್ರೈಸ್ತ ಬೇಕರಿಯವನು ಸುಟ್ಟ ರೊಟ್ಟಿ ತಿಂದು ಜಾತಿಯ ಕಟ್ಟು ಮುರಿಯುತ್ತಿದ್ದರು. ಆದರೆ ಬಾಗಿಲು ಹಾಕಿಕೊಂಡು. 1860ರಲ್ಲಿ ಸದಸ್ಯರ ಪಟ್ಟಿ ಕಳುವಾಗಿ ಹೆಸರುಗಳು ಬಯಲಾದವು, ಸಭೆ ಚದುರಿಹೋಯಿತು. ಅವರನ್ನು ನಾನು ಹೇಡಿಗಳೆನ್ನಲಾರೆ. ಜಾತಿಯಿಂದ ಹೊರಗೆ ಬಿದ್ದವನಿಗೆ ಆಗ ನೀರಿನ ಬಾವಿಯೂ ಇರಲಿಲ್ಲ.

ಹೆಸರು ಹಾಕಿಕೊಂಡೇ ಬರೆದವರು ಆಮೇಲೆ ಬಂದರು. ಅವರಲ್ಲಿ ಗಣಿತದ ಮಾಸ್ಟ್ರುಗಳೇ ಮುಂದೆ ನಿಂತದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. 1899ರಲ್ಲಿ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಕೇಂಬ್ರಿಜ್‌ನಲ್ಲಿ ಸೀನಿಯರ್ ರ್‍ಯಾಂಗ್ಲರ್ ಆದ ಮೊದಲ ಭಾರತೀಯ ರಘುನಾಥ ಪುರುಷೋತ್ತಮ ಪರಾಂಜಪೆ. 1930ರ ಸುಮಾರಿಗೆ ಮುಂಬಯಿಯಲ್ಲಿ ಹುಟ್ಟಿದ ರ್‍ಯಾಷನಲಿಸ್ಟ್ ಅಸೋಸಿಯೇಷನ್ ಆಫ್ ಇಂಡಿಯಾಕ್ಕೆ ಅವರೇ ಅಧ್ಯಕ್ಷರು. ಅದರ ಪತ್ರಿಕೆ 'ರೀಸನ್'ನ ಸಂಪಾದಕ ಡಾ. ಸಿ. ಎಲ್. ಡಿ'ಅವೋಯ್ನ್ ವೈದ್ಯರು. ಧರ್ಮ ಮತ್ತು ನೀತಿಯ ಕುರಿತ ಲೇಖನಕ್ಕಾಗಿ, ಧಾರ್ಮಿಕ ಭಾವನೆ ಕೆರಳಿಸಿದರೆಂದು ದಂಡಸಂಹಿತೆಯ 295-ಎ ಕಲಮಿನ ಮೇಲೆ ಅವರನ್ನು ಕೋರ್ಟಿಗೆ ಎಳೆದರು. 1934ರಲ್ಲಿ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟ್ ದಸ್ತೂರರು ಈ ಸಂಪಾದಕರನ್ನು ಬಿಡುಗಡೆ ಮಾಡಿದರು.

ಅದೇ ವರ್ಷ ಇನ್ನೊಬ್ಬರಿಗೆ ಆ ಅದೃಷ್ಟ ಇರಲಿಲ್ಲ. ಮಹರ್ಷಿ ಕರ್ವೆಯವರ ಹಿರಿಯ ಮಗ, ಪರಾಂಜಪೆಯವರ ಬಂಧು, ರಘುನಾಥ ಧೋಂಡೋ ಕರ್ವೆ. ಪ್ಯಾರಿಸ್‌ನಲ್ಲಿ ಗಣಿತ ಓದಿ ಬಂದವರು. 1921ರಲ್ಲೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದರು. ಅದಕ್ಕಾಗಿ 1925ರಲ್ಲಿ ಕಾಲೇಜಿನ ಪ್ರಾಧ್ಯಾಪಕ ಕೆಲಸ ಬಿಡಬೇಕಾಯಿತು. 1927ರ ಜುಲೈಯಲ್ಲಿ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಮಾಸಪತ್ರಿಕೆ ಶುರುಮಾಡಿದರು. ಮನೆಯಲ್ಲಿ, ವೈದ್ಯರ ಬಳಿಯಲ್ಲಿ, ಎಲ್ಲೂ ಕೇಳಲಾಗದ ಪ್ರಶ್ನೆಗಳನ್ನು ಓದುಗರು ಅದಕ್ಕೆ ಬರೆದು ಕಳಿಸುತ್ತಿದ್ದರು: ದೇಹದ್ದು, ಹಾಸಿಗೆಯದ್ದು, ನಾಚಿಕೆಯದ್ದು. ಕರ್ವೆ ಪ್ರಮೇಯ ಬಿಡಿಸುವ ಹಾಗೆ ಉತ್ತರ ಕೊಡುತ್ತಿದ್ದರು. ಆ ಉತ್ತರಗಳೇ ಅಶ್ಲೀಲವೆಂದು ಮೊಕದ್ದಮೆ ಬಿತ್ತು. ಅವರ ಪರ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಓದುಗ ಕೇಳಿದ ಪ್ರಶ್ನೆಗೆ ಉತ್ತರಿಸಬೇಡಿ ಎಂದರೆ ಪತ್ರಿಕೆಯನ್ನೇ ಮುಚ್ಚಿ ಎಂದಂತೆ, ತಪ್ಪು ತಿಳುವಳಿಕೆಗೆ ತಿಳುವಳಿಕೆಯೇ ಮದ್ದು ಎಂಬುದು ಅವರ ವಾದದ ಸಾರ. ಸೋತರು. ಕರ್ವೆಗೆ 200 ರೂಪಾಯಿ ದಂಡವಾಯಿತು. ಮುಂದಿನ ತಿಂಗಳೂ ಪತ್ರಿಕೆ ಬಂತು.

ಇವರು ಡೆಕಾರ್ಟ್‌ನಿಂದ ಬೇರೆಯಾಗುವುದು ಇಲ್ಲಿ. ಕೋಣೆಯಲ್ಲಿ ಒಬ್ಬನೇ ಕೂತು ಎಲ್ಲವನ್ನೂ ತರ್ಕದಿಂದ ಪಡೆಯಬಹುದೆಂದು ಈ ಊರಿನ ವಿಚಾರವಾದಿಗಳು ನಂಬಲಿಲ್ಲ. ಡಿ. ಡಿ. ಕೋಸಂಬಿಯವರೂ ಗಣಿತಜ್ಞರೇ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸಕ್ಕೆ ಪುಣೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಬಂದುಹೋಗುತ್ತಿದ್ದರು. ಪ್ರಾಚೀನ ಬೆಳ್ಳಿ ನಾಣ್ಯಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೂಗಿ, ಕೈಬದಲಾದಷ್ಟೂ ಸವೆದ ತೂಕದಿಂದ ಇತಿಹಾಸ ಓದಿದರು. ಹಳ್ಳಿಯ ಗುಡ್ಡ ಹತ್ತಿ ದೇವಿಯರ ಕಲ್ಲುಗಳನ್ನು ನೋಡಿ ಬಂದು 1962ರಲ್ಲಿ 'ಮಿಥ್ ಅಂಡ್ ರಿಯಾಲಿಟಿ' ಪ್ರಕಟಿಸಿದರು. ತರ್ಕಕ್ಕೆ ತಕ್ಕಡಿಯೂ ಬೇಕು, ಕಾಲೂ ಬೇಕು.

ಇದನ್ನು ನಾನು ಕಲಿತದ್ದು 1995ರ ಸೆಪ್ಟೆಂಬರ್ 21ರಂದು, ಮುಲುಂಡಿನ ನಮ್ಮ ಚಾಳಿನಲ್ಲಿ. ಗಣಪತಿ ಹಾಲು ಕುಡಿಯುತ್ತಾನೆಂದು ಊರೇ ಸಾಲು ನಿಂತಿತ್ತು. ಪಕ್ಕದ ಮನೆಯ ಹುಡುಗ ಓಡಿ ಬಂದು, "ಮಾಸ್ಟ್ರೇ, ನಾನೇ ಕುಡಿಸಿದೆ" ಎಂದ. ಅವನು ಸುಳ್ಳು ಹೇಳುವ ಹುಡುಗನಲ್ಲ, ನೋಡಿದ್ದನ್ನೇ ಹೇಳಿದ್ದ. ಅವನೆದುರಿಗೆ ವಾದ ಹೂಡಲು ನನಗೆ ಮನಸ್ಸಾಗಲಿಲ್ಲ. ಅಡುಗೆಮನೆಯಿಂದ ರುಬ್ಬುವ ಗುಂಡು ತಂದು, ಒದ್ದೆ ಮಾಡಿ, ತುಂಬಿದ ಚಮಚವನ್ನು ಅದಕ್ಕೆ ತಾಗಿಸಲು ಹೇಳಿದೆ. ಹಾಲು ಚಮಚದಿಂದ ಮಾಯವಾಯಿತು. ಬಗ್ಗಿ ನೋಡಿದ: ಕಲ್ಲಿನ ಮೈಗೆ ಅಂಟಿಕೊಂಡು, ಕಂಡೂ ಕಾಣದ ತೆಳ್ಳನೆ ಪೊರೆಯಾಗಿ ಇಳಿದು, ಬುಡದಲ್ಲಿ ನಿಂತಿತ್ತು. ಅವನು ಬೆರಳಲ್ಲಿ ಅದ್ದಿ ನೆಕ್ಕಿ ನೋಡಿದ. ನಾನೇನೂ ಹೇಳಲಿಲ್ಲ. ಸಂಜೆ ಅವನು ತನ್ನ ಅಜ್ಜಿಯನ್ನು ಕರೆದುಕೊಂಡು ಬಂದು, "ಇನ್ನೊಮ್ಮೆ ಗುಂಡು ಕೊಡಿ" ಎಂದ.

ಕರ್ವೆ ತೀರಿಕೊಂಡದ್ದು 1953ರ ಅಕ್ಟೋಬರ್ 14ರಂದು. ಇಪ್ಪತ್ತಾರು ವರ್ಷ ನಡೆದ ಪತ್ರಿಕೆ ಅವರೊಡನೆ ನಿಂತಿತು. ನಮ್ಮ ರಾತ್ರಿ ಶಾಲೆಗಳೂ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಉಳಿದಿರುವ ಕಡೆ ಗಣಿತ ಹೇಳುವ ಎಳೆಯ ಮಾಸ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಪರೀಕ್ಷೆಗೆ ಬರುವುದಿಲ್ಲವೆಂದು 'ಸಾಧನೆ'ಯನ್ನು ಬಿಟ್ಟು ಮುಂದೆ ಹೋಗಬೇಡಿ. ಹುಡುಗರಿಗೆ ನಿದ್ದೆ ಬರುತ್ತಿದ್ದರೂ ಸರಿ, ಆ ಸಮಾಂತರ ಗೆರೆಯನ್ನು ಎಳೆದು ತೋರಿಸಿ.