ಅಲ್ಲೀಪುರದ ಬಂಧನಾಲಯವೂ ವಿದ್ಯಾಲಯವೂ

ಬಳ್ಳಾರಿಗೆ ದಂಡಿನ ಊರೆಂಬ ಖ್ಯಾತಿ ಹಳೆಯದು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಒಪ್ಪಿಸಿದ ತರುವಾಯ ಇಲ್ಲಿ ಸೈನ್ಯದ ವಸತಿಗಳು ಎದ್ದವು. ದಂಡು ತೆರಳಿತು, ಕಂಟೋನ್ಮೆಂಟ್ ಎಂಬ ಹೆಸರು ಮಾತ್ರ ಉಳಿಯಿತು. ಯುದ್ಧಕ್ಕಾಗಿ ಕಟ್ಟಿದ ಮನೆಗಳು ಅನಂತರ ಏನಾದುವೆಂದು ವಿಚಾರಿಸುವವರು ವಿರಳ.

1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿಯವರನ್ನು ಬಳ್ಳಾರಿಗೆ ತಂದಿರಿಸಿದ್ದರು. ಅವರ ಕಾಲ ಮುಗಿದ ಮೇಲೆ ಅಲ್ಲೀಪುರದ ಶಿಬಿರವು ಮದರಾಸು ಸರಕಾರದ ಕಾರಾಗೃಹವಾಯಿತು. 1921ರ ಮಲಬಾರ್ ದಂಗೆಯಲ್ಲಿ ಹಿಡಿಯಲ್ಪಟ್ಟ ಮಾಪಿಳ್ಳೆಗಳು ಅಲ್ಲಿಗೆ ಬಂದರು. ಮುಂದೆ ಆಂಧ್ರ, ಕೇರಳಗಳ ಸತ್ಯಾಗ್ರಹಿಗಳೂ ಬಂದರು. ವರ್ಷದ ಅರ್ಧಭಾಗ ಮಳೆಯನ್ನೇ ಕಂಡವರಿಗೆ ನಮ್ಮ ವೈಶಾಖದ ಬಿಸಿಲು ಎಂಥ ಶಿಕ್ಷೆಯಾಗಿದ್ದೀತೆಂಬುದನ್ನು ಈ ಊರಿನ ವಾಚಕರಿಗೆ ವಿವರಿಸಬೇಕಾಗಿಲ್ಲ.

ಆಗ ಸಿರುಗುಪ್ಪದ ರೈತನ ಮಗನು ವೈದ್ಯನಾಗಬೇಕೆಂದರೆ ಮದರಾಸಿಗೋ ವಿಶಾಖಪಟ್ಟಣಕ್ಕೋ ಹೋಗಬೇಕಾಗಿತ್ತು. ಹಾಗೆ ಹೋಗಬಲ್ಲವರು ಎಷ್ಟು ಮಂದಿ? 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದುವು. 1961ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದಕ್ಕೆ ಒದಗಿದ್ದು ಅಲ್ಲೀಪುರದ ಆ ಸೆರೆಮನೆಯ ಆವರಣವೇ. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆಂದು ಹೆಸರಾಗಿತ್ತು. ಹೊಸ ಕಾಲೇಜಿಗೆ ಮೊದಲು ಬೇಕಾದುದು ವಿಸ್ತಾರವಾದ ನೆಲ. ಕಾವಲಿನ ಅನುಕೂಲಕ್ಕೆಂದು ಸುತ್ತಲೂ ಬಿಟ್ಟ ಬಯಲು ವಿದ್ಯೆಗೆ ದೊರೆಯಿತು. ಇದಕ್ಕಿಂತ ಒಳ್ಳೆಯ ವಿನಿಯೋಗವನ್ನು ನಾನು ಕಾಣೆ.

ಅಮರಕೋಶದಲ್ಲಿ 'ಕಾರಾ' ಶಬ್ದಕ್ಕೆ ಬಂಧನಾಲಯವೆಂದು ಅರ್ಥ ಹೇಳಿದೆ. ಪೂರ್ವಪದವೊಂದನ್ನು ಬದಲಾಯಿಸಿದರೆ ಅದೇ ವಿದ್ಯಾಲಯವಾಗುತ್ತದೆ. ವೈಯಾಕರಣನಿಗೆ ಇದು ಕ್ಷಣದ ಕೆಲಸ. ಅಲ್ಲೀಪುರಕ್ಕೆ ನಾಲ್ವತ್ತು ವರ್ಷಗಳೇ ಹಿಡಿದುವು. ಆದರೂ ಹಳೆಯದನ್ನು ಪೂರಾ ಅಳಿಸಿಬಿಡುವುದು ನನಗೆ ಸಮ್ಮತವಲ್ಲ. ಅಲ್ಲಿ ದಿನ ಎಣಿಸಿದವರ ನೆನಪಿಗೆ ಹಳೆಯ ಗೋಡೆಯೊಂದನ್ನಾದರೂ ಹೆಸರಿಟ್ಟು ಕಾಪಾಡಬೇಕು.

ಕುರುಗೋಡಿನ ನನ್ನ ಶಿಷ್ಯನೊಬ್ಬನು ಅಲ್ಲಿಯೇ ಓದಿ ವೈದ್ಯನಾದವನು. ಕಳೆದ ತಿಂಗಳು ದೊಡ್ಡಬಸವೇಶ್ವರನ ಗುಡಿಯಲ್ಲಿ ಭೇಟಿಯಾದಾಗ ಈ ಸಂಗತಿಯನ್ನೆಲ್ಲ ಹೇಳಿದೆ. ಅವನು ಬೆರಗಾದನು. "ಮೇಷ್ಟ್ರೇ, ಐದು ವರ್ಷ ಅಲ್ಲಿ ಓಡಾಡಿದರೂ ಇದೊಂದೂ ನನಗೆ ತಿಳಿದಿರಲಿಲ್ಲ. ಈಗ ಓದುತ್ತಿರುವ ಹುಡುಗರಿಗೆ ತಾವೇ ಒಮ್ಮೆ ಹೇಳಬಾರದೇ?" ಎಂದನು. ಅವನ ಪರಿಚಯದ ಹತ್ತು ಮಂದಿ ವಿದ್ಯಾರ್ಥಿಗಳನ್ನು ಬರುವ ಭಾನುವಾರ ನಮ್ಮ ಮನೆಯ ಜಗಲಿಗೆ ಕರೆದಿದ್ದೇನೆ.