18 ಡಾಲರಿನ ಉಡುಪು: ‘ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್’ ರಂಗದಿಂದ ತೆರೆಗೆ ಬಂದಾಗ

ಪ್ಯಾಟ್ರಿಶಿಯಾ ಕಾರ್ದೋಸೊ ನಿರ್ದೇಶನದ ‘ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್’ (2002) ಚಿತ್ರವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತಾರೆ. ದಪ್ಪ ಮೈಕಟ್ಟಿನ ಹುಡುಗಿಯೊಬ್ಬಳು ತನ್ನ ಮೈಯನ್ನು ತಾನೇ ಮೆಚ್ಚಿಕೊಂಡ ಕಥೆ ಎಂಬುದು ಒಂದು. ತಾಯಿಯ ಹಟ ಮೀರಿ ಕಾಲೇಜಿಗೆ ಹೊರಟವಳ ಕಥೆ ಎಂಬುದು ಇನ್ನೊಂದು. ಎರಡಕ್ಕೂ ಚಿತ್ರದಲ್ಲಿ ಸಾಕಷ್ಟು ಆಧಾರವಿದೆ. ಆದರೆ ಚಿತ್ರಕ್ಕೆ ಮೂಲವಾದ ಹೋಸೆಫಿನಾ ಲೋಪೆಸ್ ಅವರ ನಾಟಕವನ್ನು ಪಕ್ಕದಲ್ಲಿಟ್ಟು ನೋಡಿದಾಗ ಮೂರನೆಯ ಎಳೆಯೊಂದು ಕಣ್ಣಿಗೆ ಬೀಳುತ್ತದೆ: ತನ್ನ ಮನೆಯವರ ದುಡಿಮೆಗೆ ಸಿಗುವ ಬೆಲೆ ಎಷ್ಟೆಂದು ತಿಳಿದ ದಿನದಿಂದ ಆನಾ ಗಾರ್ಸಿಯಾ ದೊಡ್ಡವಳಾಗತೊಡಗುತ್ತಾಳೆ. ಈ ಟಿಪ್ಪಣಿ ಆ ಎಳೆಯ ಬೆನ್ನು ಹತ್ತಿದೆ.

ಮೊದಲು ನಾಟಕ. ಲೋಪೆಸ್ 1969ರಲ್ಲಿ ಮೆಕ್ಸಿಕೊದ ಸಾನ್ ಲೂಯಿಸ್ ಪೊಟೊಸಿಯಲ್ಲಿ ಹುಟ್ಟಿದರು. ಎಳವೆಯಲ್ಲೇ ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್‌ಗೆ ಬಂದರು. ಕಾಗದಪತ್ರಗಳಿಲ್ಲದೆಯೇ ಅಲ್ಲಿ ಬೆಳೆದರು. ಅಕ್ಕನ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಆ ಅನುಭವವೇ 1990ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ನಾಟಕವಾಗಿ ರಂಗಕ್ಕೇರಿತು. ಕಥೆ ನಡೆಯುವುದು 1987ರಲ್ಲಿ, ಪೂರ್ವ ಲಾಸ್ ಏಂಜಲೀಸ್‌ನ ಒಂದು ಪುಟ್ಟ ಹೊಲಿಗೆ ಕಾರ್ಖಾನೆಯ ನಾಲ್ಕು ಗೋಡೆಗಳ ನಡುವೆ. ಪಾತ್ರಗಳು ಐದು, ಐವರೂ ಹೆಂಗಸರು.

ಆ ಇಸವಿಗೆ ಅರ್ಥವಿದೆ. 1986ರ ನವೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ವಲಸೆ ಕಾಯ್ದೆ, 1982ರ ಜನವರಿ 1ಕ್ಕೆ ಮುಂಚಿನಿಂದ ಅಮೆರಿಕದಲ್ಲಿದ್ದವರಿಗೆ ಕಾನೂನುಬದ್ಧರಾಗುವ ದಾರಿ ತೆರೆಯಿತು. ಆ ಕಾಯ್ದೆಯಿಂದ ಒಟ್ಟು 27 ಲಕ್ಷದಷ್ಟು ಜನ ನೆಲೆ ಕಂಡುಕೊಂಡರು. ನಾಟಕದ ಹೆಂಗಸರು ಈ ಹೊಸ್ತಿಲ ಮೇಲೆ ನಿಂತವರು. ಕಾರ್ಖಾನೆ ನಡೆಸುವ, ಆನಾಳ ಅಕ್ಕ ಎಸ್ತೆಲಾಗೆ ಮಾತ್ರ ಇನ್ನೂ ಗ್ರೀನ್ ಕಾರ್ಡ್ ಇಲ್ಲ. ಹೊರಗೆ ವ್ಯಾನ್ ಕಂಡರೆ ‘ಲಾ ಮಿಗ್ರಾ’ ಬಂತೆಂದು ಎದೆ ಝಲ್ಲೆನ್ನುತ್ತದೆ. ವಲಸೆ ಪೊಲೀಸರನ್ನು ಆ ಜನ ಕರೆಯುವುದೇ ಹಾಗೆ. ಸೆಕೆಗೆ ಬೆವರಿಳಿಯುವ ಆ ಕೋಣೆಯಲ್ಲಿ ಕಾನೂನಿನ ಭಯವೂ ಒಂದು ಪಾತ್ರ.

ಲೋಪೆಸ್ ಮತ್ತು ಜಾರ್ಜ್ ಲಾವೂ ಸೇರಿ ಬರೆದ ಚಿತ್ರಕಥೆಯಲ್ಲಿ ಈ ಭಯ ಇಲ್ಲ. ಬದಲಿಗೆ ಕೋಣೆಯ ಗೋಡೆಗಳು ತೆರೆದುಕೊಂಡಿವೆ. ಮನೆ, ಅಜ್ಜ, ಬೀದಿ, ಬಸ್ಸು, ಆನಾ ಓದುವ ಬೆವರ್ಲಿ ಹಿಲ್ಸ್ ಹೈಸ್ಕೂಲು ಎಲ್ಲವೂ ಒಳಗೆ ಬಂದಿವೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಮಗಳನ್ನು ತಾಯಿ ಕಾರ್ಮೆನ್ ಕಳಿಸಲೊಲ್ಲಳು. ಕಥೆಯ ಜಗ್ಗಾಟ ಅಲ್ಲಿಗೆ ಸರಿದಿದೆ. ಇದು ನಷ್ಟವೇ ಸರಿ. ಭಯವನ್ನು ತೆಗೆದುಬಿಟ್ಟರೆ ಕಡಿಮೆ ಕೂಲಿಗೆ ಕಾರ್ಖಾನೆಯ ಹೆಂಗಸರೇಕೆ ಒಪ್ಪುತ್ತಾರೆಂಬ ಪ್ರಶ್ನೆಗೆ ಅರ್ಧ ಉತ್ತರವೇ ಕೈತಪ್ಪುತ್ತದೆ.

ಆದರೆ ಪ್ರಶ್ನೆ ಮಾತ್ರ ಚಿತ್ರದಲ್ಲಿ ಹಾಗೇ ಉಳಿದಿದೆ, ಒಂದು ಲೆಕ್ಕದ ರೂಪದಲ್ಲಿ. ಅಕ್ಕನ ಕಾರ್ಖಾನೆಯಲ್ಲಿ ಆನಾಳ ಪಾಲಿಗೆ ಬಂದದ್ದು ಇಸ್ತ್ರಿ ಕೆಲಸ. ತನ್ನ ಮೈಗೆ ಎಂದೂ ಆಗದ ಅಳತೆಯ ಉಡುಪುಗಳ ನಿರಿಗೆ ತೀಡುತ್ತ ಒಂದಕ್ಕೆ ಎಷ್ಟು ಸಿಗುತ್ತದೆಂದು ಕೇಳುತ್ತಾಳೆ. 18 ಡಾಲರ್. ಅದೇ ಉಡುಪು ಬ್ಲೂಮಿಂಗ್‌ಡೇಲ್ಸ್ ಮಳಿಗೆಯಲ್ಲಿ 600 ಡಾಲರಿಗೆ ಮಾರಾಟವಾಗುತ್ತದೆ. ನೂರಕ್ಕೆ ಮೂರು ಪಾಲು! ಕೆಲಸವನ್ನು ಕೀಳೆಂದು ಬಗೆದು ಮುಖ ಸಿಂಡರಿಸಿಕೊಂಡೇ ಬಂದಿದ್ದವಳು ಅಕ್ಕನ ಪರ ನಿಲ್ಲುವುದು ಇಲ್ಲಿಂದಾಚೆಗೆ. ಶಾಲೆ ಅವಳಿಗೆ ಅಕ್ಷರ ಕಲಿಸಿತ್ತು. ಆ ಅಕ್ಷರಕ್ಕೆ ಒಂದು ಉದ್ದೇಶ ಸಿಕ್ಕಿದ್ದು ಇಸ್ತ್ರಿ ಮೇಜಿನ ಮುಂದೆ.

ಹೆಸರುವಾಸಿಯಾದ ಇನ್ನೊಂದು ದೃಶ್ಯವನ್ನೂ ಈ ಬೆಳಕಿನಲ್ಲೇ ನೋಡಬೇಕು. ಫ್ಯಾನ್ ಹಾಕಿದರೆ ಉಡುಪಿನ ಮೇಲೆ ಧೂಳು ಕೂರುತ್ತದೆ, ಅದಕ್ಕೇ ಹಾಕುವಂತಿಲ್ಲ. ಸೆಕೆ ತಾಳಲಾರದೆ ಆನಾ ಮೇಲುಡುಪು ಕಳಚುತ್ತಾಳೆ. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಕಳಚುತ್ತಾರೆ. ಹೆರಿಗೆಯ ಗೆರೆ, ಜೋತ ಹೊಟ್ಟೆ, ದಪ್ಪ ತೊಡೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಾರೆ. ಇದನ್ನು ಮೈಯ ಹಬ್ಬವೆಂದು ಮೆಚ್ಚುವುದು ಸುಲಭ. ಆದರೆ ಆ ಹಬ್ಬಕ್ಕೆ ಕಾರಣವಾದದ್ದು ನಿಂತ ಫ್ಯಾನು. ಬಟ್ಟೆಗೆ ಸಿಗುವ ಮರ್ಯಾದೆ ಅದನ್ನು ಹೊಲಿಯುವ ಮೈಗೆ ಸಿಗದ ಕಡೆ ನಡೆದ ಪ್ರತಿಭಟನೆ ಅದು. ಕಾರ್ಮೆನ್ ಒಬ್ಬಳೇ ಬಟ್ಟೆ ಕಳಚದೆ ಹೊರನಡೆಯುತ್ತಾಳೆ. ಎಳೆ ವಯಸ್ಸಿನಿಂದ ದುಡಿದು ದಣಿದ ಅವಳಿಗೆ, ತಾನು ಹೊತ್ತ ನೊಗಕ್ಕೆ ಮಗಳು ಹೆಗಲು ಕೊಡುವುದೇ ನ್ಯಾಯ. ಅವಳನ್ನು ಬರೀ ಖಳನಾಯಕಿಯೆಂದು ಓದಿದರೆ ಲೂಪೆ ಒಂಟಿವೆರೋಸ್ ಆ ಪಾತ್ರಕ್ಕೆ ತುಂಬಿದ ನೋವು ಕಾಣದೆ ಹೋಗುತ್ತದೆ. ಮೊದಲ ಚಿತ್ರದಲ್ಲೇ ಆನಾ ಆದ ಅಮೆರಿಕಾ ಫೆರೇರಾ ಮತ್ತು ಒಂಟಿವೆರೋಸ್ ಇಬ್ಬರಿಗೂ ಸೇರಿಸಿಯೇ 2002ರ ಸಂಡಾನ್ಸ್ ಉತ್ಸವ ಅಭಿನಯದ ವಿಶೇಷ ಪ್ರಶಸ್ತಿ ಕೊಟ್ಟಿತು. ಪ್ರೇಕ್ಷಕರ ಪ್ರಶಸ್ತಿಯೂ ಈ ಚಿತ್ರಕ್ಕೇ ಬಂತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಇದು ಸೇರಿತು.

ಚಿತ್ರ ಬಿಟ್ಟ ಭಾಗವೂ ಮರಳಿ ಬಂದಿದೆ. 2025ರಲ್ಲಿ ಬ್ರಾಡ್‌ವೇಗೆ ಬಂದ ಸಂಗೀತ ನಾಟಕ ಕಥೆಯನ್ನು ಮತ್ತೆ 1987ಕ್ಕೇ ಒಯ್ದು, ವಲಸೆಯ ಭಯವನ್ನು ನಡುಮನೆಗೆ ತಂದು ಕೂರಿಸಿದೆ. ಹಾಗಾಗಿ ಮೂರೂ ಪಠ್ಯಗಳನ್ನು ಒಟ್ಟಿಗಿಟ್ಟು ಓದುವುದು ಒಳ್ಳೆಯದು: ಕೂಲಿ ಏಕೆ ಕಡಿಮೆ ಎಂದು ನಾಟಕ ಹೇಳಿದರೆ, ಎಷ್ಟು ಕಡಿಮೆ ಎಂದು ಚಿತ್ರ ಹೇಳುತ್ತದೆ.

ಚಿತ್ರದ ಕೊನೆಗೆ ತಾಯಿ ಕೋಣೆಯ ಬಾಗಿಲು ತೆರೆಯುವುದಿಲ್ಲ, ಮಗಳು ವಿಮಾನ ಹತ್ತುತ್ತಾಳೆ. ನ್ಯೂಯಾರ್ಕಿನ ಜನಜಂಗುಳಿಯಲ್ಲಿ ತಲೆಯೆತ್ತಿ ನಡೆಯುವ ಆನಾಳನ್ನು ಬಿಡುಗಡೆ ಹೊಂದಿದವಳೆಂದು ಎಲ್ಲರೂ ನೋಡುತ್ತಾರೆ. ನಾನೂ ಹಾಗೇ ನೋಡಿದ್ದೆ. ಈಗ ಇನ್ನೊಂದು ಸಂಗತಿ ಜೊತೆಗೆ ನೆನಪಾಗುತ್ತದೆ: ಬ್ಲೂಮಿಂಗ್‌ಡೇಲ್ಸ್‌ನ ತವರು ಅದೇ ಊರು. ಅಕ್ಕನ ಕೈಯ ಉಡುಪುಗಳಿಗೆ 600 ಡಾಲರಿನ ಚೀಟಿ ಅಂಟಿಸುವ ಮಳಿಗೆಯ ಊರಿಗೆ, ಅದರ 18 ಡಾಲರಿನ ಲೆಕ್ಕ ಬಲ್ಲವಳೊಬ್ಬಳು ಓದಲು ಬಂದಿದ್ದಾಳೆ.