ಓಕೆ
ಒಪ್ಪಿಗೆಯನ್ನು, ತೃಪ್ತಿಯನ್ನು, ಕೆಲವೊಮ್ಮೆ ಬರೀ 'ಪರವಾಗಿಲ್ಲ' ಎಂಬ ಭಾವವನ್ನು ಸೂಚಿಸುವ ಇಂಗ್ಲಿಷ್ ಪದ. ನಾಮಪದ, ವಿಶೇಷಣ, ಕ್ರಿಯಾಪದ, ಉದ್ಗಾರ ಎಲ್ಲವೂ ಆಗಬಲ್ಲದು. ಹುಟ್ಟೂರು ಅಮೆರಿಕದ ಬಾಸ್ಟನ್. 1830ರ ದಶಕದ ಕೊನೆಯಲ್ಲಿ ಅಲ್ಲಿನ ಪತ್ರಕರ್ತರಿಗೆ ಬೇಕೆಂದೇ ಕಾಗುಣಿತ ಕೆಡಿಸಿ, ಮೊದಲಕ್ಷರಗಳನ್ನಷ್ಟೇ ಉಳಿಸುವ ಗೀಳಿತ್ತು. 'ಆಲ್ ಕರೆಕ್ಟ್' ಎಂಬುದು 'ಓಲ್ ಕೊರೆಕ್ಟ್' ಆಗಿ, 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ ಓಕೆಯಾಗಿ ಅಚ್ಚಾಯಿತು. ಜೊತೆಗೆ ಹುಟ್ಟಿದ ಸಂಕ್ಷೇಪಗಳು ಹೆಚ್ಚುಕಡಿಮೆ ಅಳಿದವು. ಇದಕ್ಕೆ ಮಾತ್ರ ಅದೃಷ್ಟ ಒಲಿಯಿತು: ಕಿಂಡರ್‌ಹುಕ್ ಊರಿನವರಾದ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್‌ರ ಬೆಂಬಲಿಗರು 1840ರ ಚುನಾವಣೆಯಲ್ಲಿ 'ಓಲ್ಡ್ ಕಿಂಡರ್‌ಹುಕ್' ಎಂಬ ಅರ್ಥ ಹಚ್ಚಿ ಇದನ್ನೇ ಘೋಷಣೆ ಮಾಡಿಕೊಂಡರು. ವ್ಯಾನ್ ಬ್ಯೂರೆನ್ ಸೋತರೂ ಪದ ಗೆದ್ದಿತು. ಈ ಮೂಲವನ್ನು 1960ರ ದಶಕದಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ ಸ್ಥಾಪಿಸಿದವರು ಭಾಷಾವಿದ್ವಾಂಸ ಆಲನ್ ವಾಕರ್ ರೀಡ್. ಕನ್ನಡದಲ್ಲಿ 'ಓಕೆನಾ?', 'ಓಕೆ ಮಾಡು' ರೂಪಗಳು ರೂಢಿಯಲ್ಲಿವೆ.